ಘಟಪ್ರಭಾ ದಾಟುವವರೆಗೆ ಇಳಿಸಿದ ಶಟರ್

ಪುಣೆಯ ಧಾನೋರಿಯಿಂದ ಬಂದ ಪತ್ರವೊಂದನ್ನು ಈ ವಾರ ನಾಲ್ಕು ಸಲ ಓದಿದೆ. ಬರೆದವಳು ಮಾಜಿ ಹವಾಲ್ದಾರರೊಬ್ಬರ ಹೆಂಡತಿ, ಧಾರವಾಡದ ಕಡೆಯವಳು. ಗಂಡ 1999ರಲ್ಲಿ ಕಾರ್ಗಿಲ್‌ನಲ್ಲಿದ್ದವರು. ಈಗ ರಾತ್ರಿ ಮೂರಕ್ಕೆ ಬೆವೆತು ಎದ್ದು ಕೂರುತ್ತಾರೆ. ಗಣಪತಿ ಹಬ್ಬ ಹತ್ತಿರ ಬಂದು ಸಂಜೆ ಢೋಲ್ ತಾಶಾ ತಾಲೀಮು ಶುರುವಾಯಿತೆಂದರೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ತಟ್ಟೆ ಕೈಜಾರಿದರೆ ಸದ್ದಾದೀತೆಂದು ಮನೆಯ ಸ್ಟೀಲ್ ತಟ್ಟೆಗಳೆಲ್ಲ ಅಟ್ಟ ಸೇರಿವೆ. ಹನ್ನೆರಡನೇ ಕ್ಲಾಸಿನ ಮಗಳು ಪ್ಲಾಸ್ಟಿಕ್ ತಟ್ಟೆಯಲ್ಲಿ ಉಣ್ಣುತ್ತಾಳೆ. “ಫ್ಲ್ಯಾಟ್ ಮಾರಿ ಊರಿಗೆ ಹೋಗಿಬಿಡೋಣವೇ ಅಕ್ಕಾ? ಅಲ್ಲಿ ಗದ್ದಲ ಇರೋದಿಲ್ಲ” ಅನ್ನುವುದು ಅವಳ ಪ್ರಶ್ನೆ.

ಅಕ್ಕಾ ಅಂದಿದ್ದೀ, ನಾನೂ ತಂಗಿ ಅಂತಲೇ ಮಾತಾಡುತ್ತೇನೆ. ಢೋಲಿನ ಬಗ್ಗೆ ಒಂದಿಡೀ ಪುಟ ಬರೆದವಳು, ಕೊನೆಗೆ ಜಾಗ ಉಳಿಯಿತೆಂದು ಸೇರಿಸಿದ ಹಾಗೆ ಎರಡು ಸಾಲು ಬರೆದಿದ್ದೀ. ಊರಿಗೆ ಹೋಗುವಾಗ ರಾಯಬಾಗ ಬಂತೆಂದರೆ ಅವರು ರೈಲಿನ ಕಿಟಕಿಯ ಶಟರ್ ಇಳಿಸುತ್ತಾರೆ, ಘಟಪ್ರಭಾ ದಾಟಿದ ಮೇಲೇ ಎತ್ತುತ್ತಾರೆ. ಕಾರ್ಗಿಲ್‌ನಲ್ಲಿ ಜೊತೆಗಿದ್ದ ಗೆಳೆಯನ ಊರು ಅಲ್ಲೇ ಹತ್ತಿರ. ಅವನು ತೀರಿಕೊಂಡ ರಾತ್ರಿ ಪಾಳಿ ಇವರದಿತ್ತಂತೆ, ಇವರಿಗೆ ಜ್ವರ ಬಂದು ಇವರ ಬದಲು ಅವನು ಹೋದನಂತೆ.

ಎರಡು ‘ಅಂತೆ’ಯಲ್ಲಿ ಮುಗಿಸಿಬಿಟ್ಟೆಯಲ್ಲ ತಂಗೀ. ನಿನ್ನ ಪತ್ರದ ತಿರುಳೇ ಅದು. ನೀವು ಧಾರವಾಡಕ್ಕೆ ಮನೆ ಸಾಗಿಸಿದರೂ ಆ ಸ್ಟೇಷನ್ ದಾಟಿಯೇ ಹೋಗಬೇಕು. ಢೋಲಿಗೆ ಬೆಚ್ಚುವುದು ಭಯ. ಶಟರ್ ಇಳಿಸುವುದು ಭಯವಲ್ಲ, ಆ ಊರಿಗೆ ಮುಖ ತೋರಿಸಲಾಗದ ಸಂಕಟ. ಎರಡೂ ಒಂದೇ ಮನುಷ್ಯನಲ್ಲಿವೆ, ಆದರೆ ಎರಡರ ಚಿಕಿತ್ಸೆ ಒಂದೇ ಅಲ್ಲ.

ವಿಯೆಟ್ನಾಂನಿಂದ ಮರಳಿದ ಸೈನಿಕರನ್ನು ನೋಡಿ ನೋಡಿ ಅಮೆರಿಕದ ಮನೋವೈದ್ಯರು 1980ರಲ್ಲಿ ಈ ತೊಂದರೆಯನ್ನು ಪಿಟಿಎಸ್‌ಡಿ (ಭೀಕರ ಅನುಭವದ ನಂತರ ಮನಸ್ಸಿನಲ್ಲಿ ಉಳಿಯುವ ಆಘಾತ) ಎಂಬ ಹೆಸರಿನಿಂದ ತಮ್ಮ ಅಧಿಕೃತ ಪಟ್ಟಿಗೆ ಸೇರಿಸಿದರು. ಆ ಸೈನಿಕರಿಗೇ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ವೈದ್ಯರು ಇನ್ನೊಂದು ಗಾಯವನ್ನು ಗುರುತಿಸಿದರು: ಸರಿ ತಪ್ಪಿನ ನಂಬಿಕೆಗೇ ಬೀಳುವ ಪೆಟ್ಟು. ಮಾತ್ರೆಯಿಂದ ನಿದ್ದೆ ಸುಧಾರಿಸಬಹುದು, ಬೆಚ್ಚುವುದು ಕಡಿಮೆಯಾಗಬಹುದು. “ನಾನು ಸಾಯಬೇಕಿತ್ತು, ಅವನು ಸತ್ತ” ಅನ್ನುವ ಲೆಕ್ಕವನ್ನು ಮಾತ್ರೆಯೊಂದೇ ಅಳಿಸಲಾರದು. ಅದಕ್ಕೆ ತರಬೇತಾದವರ ಎದುರು ಕೂತು ಮಾತಾಡಬೇಕು. ಸಿಪಿಟಿ ಅನ್ನುವ ಮಾತಿನ ಚಿಕಿತ್ಸೆಯ ಪದ್ಧತಿಯಲ್ಲಿ ಸಾಮಾನ್ಯವಾಗಿ 12 ಭೇಟಿ. ಆ ರಾತ್ರಿಯನ್ನು ಬಿಡಿಸಿ ನೋಡುತ್ತಾರೆ. ಆಗ ನಿಮಗೆ ಏನು ಗೊತ್ತಿತ್ತು? ಜ್ವರ ನಿಜವೋ ಸುಳ್ಳೋ? ಪಾಳಿ ಬದಲಿಸಲು ಒಪ್ಪಿದವರು ಯಾರು? ಷೆಲ್ ಎಲ್ಲಿ ಬೀಳುತ್ತದೆಂದು ಯಾರಿಗಾದರೂ ತಿಳಿದಿತ್ತೇ? ಬೆಳಗಾದ ಮೇಲೆ ತಿಳಿದದ್ದನ್ನು ಹಿಂದಿನ ಸಂಜೆಯೇ ತಿಳಿದಿರಬೇಕಿತ್ತು ಎಂದು ನಿನ್ನ ಗಂಡ ಇಷ್ಟು ವರ್ಷ ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡಿದ್ದಾರೆ. ಇನ್ನೊಂದು ಪದ್ಧತಿಯಲ್ಲಿ ತೀರಿಕೊಂಡ ಗೆಳೆಯನೇ ಎದುರು ಕೂತಿದ್ದಾನೆಂದು ಭಾವಿಸಿ ಹೇಳಬೇಕಾದದ್ದನ್ನು ಹೇಳಿಸುತ್ತಾರೆ, ಅವನು ಏನು ಅನ್ನುತ್ತಿದ್ದ ಎಂದು ಕೇಳುತ್ತಾರೆ. ಈ ಉತ್ತರ ಅವರ ಬಾಯಿಂದಲೇ ಬರಬೇಕು. “ನಿಮ್ಮದೇನೂ ತಪ್ಪಿಲ್ಲ ಬಿಡ್ರಿ” ಅಂತ ನೀನು ನೂರು ಸಲ ಹೇಳಿದ್ದೀ, ತಾಗಿಲ್ಲ. ತಾಗದ್ದು ನಿನ್ನ ಸೋಲಲ್ಲ.

ಈಗ ನಿನ್ನ ಭಾವನ ವಿಷಯ. ನೀನು ಅವರನ್ನು “ಒಳ್ಳೆಯವರು, ಭಾನುವಾರ ಬಂದು ಕಂಪನಿ ಕೊಡ್ತಾರೆ” ಅಂದಿದ್ದೀ. ನನಗೆ ಹಾಗೆ ಕಾಣಲಿಲ್ಲ. ತಮ್ಮನ ಕ್ಯಾಂಟೀನ್ ಕೋಟಾದ ರಮ್ ತೆಗೆಸಿ, ಜೊತೆಗೆ ಕರೆತಂದವರ ಮುಂದೆ “ನಮ್ಮ ಹುಲಿ, ಹೇಳೋ ಕಾರ್ಗಿಲ್ ಕತಿ” ಅಂತ ಕೆದಕುವುದು, ಅವರು ಗಂಟಲು ತುಂಬಿ ನಿಂತರೆ “ಸೈನಿಕ ಅಳ್ತಾನೇನೋ” ಅನ್ನುವುದು. ಸೋಮವಾರ ರಾತ್ರಿಯೇ ಅತಿ ಕಷ್ಟ ಅಂತ ನೀನೇ ಬರೆದಿದ್ದೀ, ಎರಡನ್ನೂ ಸೇರಿಸಿ ನೋಡಲಿಲ್ಲ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ: ಕುಡಿತ ನಿದ್ದೆ ತರಿಸಿದಂತೆ ಮಾಡಿ ನಿದ್ದೆಯನ್ನೇ ಕೆಡಿಸುತ್ತದೆ. ಅದರ ಮೇಲೆ ನೀನು ಚೀಟಿಯಿಲ್ಲದೆ ಮೆಡಿಕಲ್‌ನಿಂದ ತಂದ ನಿದ್ದೆ ಮಾತ್ರೆ ಬೇರೆ. ರಮ್ಮಿನ ಮೇಲೆ ಆ ಮಾತ್ರೆ ಬಿದ್ದರೆ ಉಸಿರಿಗೇ ಅಪಾಯ. ಇವತ್ತೇ ಅದನ್ನು ತೆಗೆದಿಡು, ಎಷ್ಟು ದಿನದಿಂದ ಕೊಡುತ್ತಿದ್ದೀ ಅಂತ ವೈದ್ಯರಿಗೆ ಹೇಳು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಅದನ್ನೂ ಅವರನ್ನೇ ಕೇಳು.

ಘಟಪ್ರಭಾದಲ್ಲಿ ಅವರನ್ನು ಒತ್ತಾಯದಿಂದ ಇಳಿಸಿ ಆ ಗೆಳೆಯನ ತಾಯಿಯ ಮುಂದೆ ನಿಲ್ಲಿಸಲೇ ಅಂತಲೂ ಕೇಳಿದ್ದೀ. ಬೇಡ. ಆ ಹೊತ್ತು ಬಂದರೆ ಅವರೇ ಶಟರ್ ಎತ್ತುತ್ತಾರೆ.

ನೀನು ಮಾಡಬೇಕಾದದ್ದು ಒಂದೇ. ಸೋಮವಾರ ಬೆಳಿಗ್ಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ತಗೊಂಡು ಅವರ ಜೊತೆ ಪಾಲಿಕ್ಲಿನಿಕ್‌ಗೆ ಹೋಗು. ನಿದ್ದೆ ಬರಲ್ಲ ಅಂತಷ್ಟೇ ಹೇಳಿ ಎದ್ದು ಬರಬೇಡ. “1999ರಿಂದ ಹೀಗಿದೆ, ಆ ರಾತ್ರಿಯ ಪಾಳಿ ಇವರದಿತ್ತು, ಮನೋವೈದ್ಯರಿಗೆ ರೆಫರ್ ಮಾಡಿ” ಅಂತ ಇಷ್ಟನ್ನೂ ಹೇಳು. ಏನು ಹೇಳುತ್ತೀ ಅಂತ ಅವರಿಗೆ ಭಾನುವಾರವೇ ತಿಳಿಸು, ಒಪ್ಪಿಗೆ ತಗೋ. ಅವರ ಬೆನ್ನ ಹಿಂದೆ ಹೇಳುವ ಮಾತಲ್ಲ ಅದು. ನಡುವೆ ಯಾವ ರಾತ್ರಿಯಾದರೂ ಬದುಕಿದ್ದೇ ತಪ್ಪಾಯಿತು ಅನ್ನುವಂಥ ಮಾತು ಬಂದರೆ ಒಬ್ಬರನ್ನೇ ಬಿಡಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಮಗಳ ಮೊಬೈಲಿಗೂ ಹಾಕಿಕೊಡು, ಅಪ್ಪನಿಗೆ ಏನಾಗಿದೆ ಅಂತ ಅವಳಿಗೂ ಕೂರಿಸಿ ಹೇಳು. ಆ ಮಗು ಇಷ್ಟು ದಿನ ಕಾರಣ ಗೊತ್ತಿಲ್ಲದೆ ಸದ್ದಿಲ್ಲದೆ ಉಂಡಿದೆ.

ಭಾವನಿಗೆ ಇವತ್ತೇ ಫೋನ್ ಮಾಡಿ ಈ ಭಾನುವಾರ ಬರಬೇಡಿ ಅನ್ನು.