ಸಬ್‌ವೂಫರ್ ದೂರ ತಿದ್ದಬೇಡಿ, ಹೊಸ ಸಬ್ ತರಲೂ ಹೋಗಬೇಡಿ

ಹೋಮ್ ಥಿಯೇಟರ್‌ನಲ್ಲಿ ಮೈಕ್ ಇಟ್ಟು ಸ್ಪೀಕರ್‌ಗಳನ್ನು ಅಳೆಯುವ ಆಟೋ ಸೆಟಪ್ ಆದ ಮೇಲೆ ಸಬ್‌ವೂಫರ್, ಅಂದರೆ ಬೇಸ್ ನುಡಿಸುವ ಸ್ಪೀಕರ್, 5.3 ಮೀಟರ್ ದೂರ ಇದೆ ಅಂತ ರಿಸೀವರ್ (ಎಲ್ಲ ಸ್ಪೀಕರ್‌ಗಳಿಗೂ ಶಬ್ದ ಕಳಿಸುವ ಪೆಟ್ಟಿಗೆ) ತೋರಿಸಿತು, ಟೇಪ್ ಹಿಡಿದರೆ 3.2 ಮೀಟರೇ ಇತ್ತು, ತಿದ್ದಿದೆ, ಈಗ ಬೇಸ್ ಸೊರಗಿದೆ, ದೊಡ್ಡ ಸಬ್ ತರಲಾ ಅಂತ ಕೇಳಿದ್ದೀರಿ. ತರಬೇಡಿ. ನಾನು ತಂದೆ. ದುಡ್ಡು ಹೋಯಿತು.

ನನ್ನದೂ ಹೆಚ್ಚುಕಮ್ಮಿ ಇದೇ ಕಥೆ. ಮೈಸೂರಿನಲ್ಲಿ ಬಾಡಿಗೆ ಮನೆ, ಹಾಲ್ ಮತ್ತು ಊಟದ ಜಾಗ ಸೇರಿಕೊಂಡಿತ್ತು, ಕೆಳಗೆಲ್ಲ ಟೈಲ್ಸ್. 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್ ನಡೆಸುವಂಥದ್ದು) ತಂದು, ಸೋಫಾ ಮೇಲೆ ಕಿವಿಯ ಎತ್ತರಕ್ಕೆ ಮೈಕ್ ಇಟ್ಟು, ಫ್ಯಾನ್ ಆಫ್ ಮಾಡಿ ಸೆಟಪ್ ಓಡಿಸಿದೆ. ಒಂದೊಂದೇ ಸ್ಪೀಕರ್‌ನಿಂದ ಆ ಟುಯ್ಯ್ ಟುಯ್ಯ್ ಶಬ್ದ ಬಂದು ಮುಗಿಯಿತು. ಚೆನ್ನಾಗಿಯೇ ಕೇಳುತ್ತಿತ್ತು. ಅಷ್ಟಕ್ಕೇ ಬಿಡಬೇಕಿತ್ತು. ಅಡ್ವಾನ್ಸ್ಡ್ ಮೆನುಗೆ ಹೋಗಿ ಸ್ಪೀಕರ್ ದೂರದ ಪಟ್ಟಿ ನೋಡಿದೆ. ಎಡ, ಬಲ, ಸೆಂಟರ್ ಎಲ್ಲ ಸರಿಯಾಗಿತ್ತು. ಸಬ್ ಮಾತ್ರ ಎರಡು ಮೀಟರ್ ಚಿಲ್ಲರೆ ಜಾಸ್ತಿ. ಯಂತ್ರ ತಪ್ಪಿದೆ ಅಂದುಕೊಂಡು ಟೇಪ್‌ನಲ್ಲಿ ಬಂದ ಅಳತೆ ಹಾಕಿದೆ.

ಆ ಒಂದು ತಿದ್ದುಪಡಿ ಏನು ಮಾಡಿತು ಅಂತ ನಾನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಇದು ಅರ್ಥವಾದರೆ ಮಿಕ್ಕಿದ್ದೆಲ್ಲ ಸುಲಭ.

ರಿಸೀವರ್‌ಗೆ ದೂರ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಸಮಯ. ತಾನು ಸಿಗ್ನಲ್ ಕಳಿಸಿದ ಎಷ್ಟು ಹೊತ್ತಿಗೆ ಮೈಕ್‌ಗೆ ಶಬ್ದ ಮುಟ್ಟಿತು ಅಂತ ಅಳೆಯುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರಿಗೆ 3 ಮಿಲಿಸೆಕೆಂಡಿನಷ್ಟು. ಆ ಲೆಕ್ಕದಲ್ಲಿ ಸಮಯವನ್ನು ಮೀಟರ್ ಮಾಡಿ ತೋರಿಸುತ್ತದೆ. ಸಾಮಾನ್ಯ ಸ್ಪೀಕರ್‌ಗೆ ಈ ಲೆಕ್ಕ ಟೇಪ್ ಜೊತೆ ತಾಳೆಯಾಗುತ್ತದೆ. ಸಬ್‌ಗೆ ಆಗುವುದಿಲ್ಲ. ಸಬ್ ಒಳಗೆ ಅದರದೇ ಆಂಪ್ಲಿಫೈಯರ್ ಇದೆ, ಫಿಲ್ಟರ್ ಇದೆ, ಈಗಿನವುಗಳಲ್ಲಿ ಡಿಜಿಟಲ್ ಸರ್ಕ್ಯೂಟೂ ಇರುತ್ತದೆ. ಸಿಗ್ನಲ್ ಇವನ್ನೆಲ್ಲ ದಾಟಿ ಕೋನ್ ಅಲುಗಾಡುವ ಹೊತ್ತಿಗೆ ಕೆಲವು ಮಿಲಿಸೆಕೆಂಡ್ ಕಳೆದಿರುತ್ತದೆ. ರಿಸೀವರ್ ಅದನ್ನೂ ಸೇರಿಸಿಯೇ ಲೆಕ್ಕ ಕೊಡುತ್ತದೆ. ಆ 5.3ರಲ್ಲಿ 3.2 ಹಾಲ್‌ನಲ್ಲಿರುವ ದೂರ, ಉಳಿದದ್ದು ಸಬ್ ಒಳಗಿನ ತಡ. ವೈರ್‌ಲೆಸ್ ಸಬ್ ಆದರೆ ಇದು ಇನ್ನೂ ಜಾಸ್ತಿ ಬರುತ್ತದೆ.

ಈ ತಡ ಗೊತ್ತಿರುವುದರಿಂದಲೇ ರಿಸೀವರ್ ಉಳಿದ ಸ್ಪೀಕರ್‌ಗಳನ್ನು ಅಷ್ಟು ಹೊತ್ತು ತಡೆದು ಬಿಡುತ್ತದೆ. ಎಲ್ಲವೂ ನಿಮ್ಮ ಕಿವಿಗೆ ಒಟ್ಟಿಗೆ ಬರಲಿ ಅಂತ. ನೀವು 3.2 ಹಾಕಿದ ಕೂಡಲೇ ಅದು ತಡೆಯುವುದನ್ನು ನಿಲ್ಲಿಸುತ್ತದೆ. ಮುಂದಿನ ಸ್ಪೀಕರ್‌ಗಳ ಶಬ್ದ 6 ಮಿಲಿಸೆಕೆಂಡ್ ಮೊದಲೇ ಬಂದುಬಿಡುತ್ತದೆ.

ಆರು ಮಿಲಿಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. 80 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 80 ಅಲೆ ಬರುವ ಶಬ್ದದಲ್ಲಿ, ಒಂದು ಅಲೆಗೆ ಹಿಡಿಯುವ ಸಮಯ 12.5 ಮಿಲಿಸೆಕೆಂಡ್. ಅರ್ಧ ಅಲೆಗೆ 6.25. ಈಗ ನೋಡಿ. ಕ್ರಾಸ್‌ಓವರ್, ಅಂದರೆ ಎಷ್ಟು ಹರ್ಟ್ಸ್‌ನಿಂದ ಕೆಳಗಿನದು ಸಬ್‌ಗೆ ಹೋಗಬೇಕು ಅನ್ನುವ ಗಡಿ, 80ಕ್ಕೆ ಇಟ್ಟರೆ ಆ ಆಸುಪಾಸಿನಲ್ಲಿ ಮುಂದಿನ ಸ್ಪೀಕರೂ ಸಬ್ಬೂ ಎರಡೂ ನುಡಿಯುತ್ತವೆ. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತಿರುತ್ತದೆ. ನೀವು ಕೂತ ಜಾಗದಲ್ಲಿ ಎರಡೂ ಒಂದನ್ನೊಂದು ಹೊಡೆದು ಹಾಕುತ್ತವೆ.

ನನಗೆ ಅದು ಗೊತ್ತಾಗಿದ್ದು ಡೊಳ್ಳು ಕುಣಿತದ ಒಂದು ವಿಡಿಯೊದಲ್ಲಿ. ಕೋಲು ಚರ್ಮಕ್ಕೆ ಬಿದ್ದ ಟಕ್ ಕೇಳುತ್ತಿತ್ತು, ಅದರ ಹಿಂದೆ ಎದೆಗೆ ಬಡಿಯಬೇಕಾದ ಧಂ ಇರಲಿಲ್ಲ. ನೀರು ಕುಡಿಯಲು ಎದ್ದು ಅಡುಗೆಮನೆ ಬಾಗಿಲಿಗೆ ಹೋದರೆ ಅಲ್ಲಿ ಧಂ ಅಂತ ತುಂಬಿ ಬರುತ್ತಿತ್ತು! ವಾಪಸ್ ಸೋಫಾಗೆ ಬಂದರೆ ಇಲ್ಲ. ಸಬ್ ವಾಲ್ಯೂಮ್ ಏರಿಸಿದೆ. ಶೋಕೇಸ್ ಗಾಜು ಗಡಗಡ ಅನ್ನತೊಡಗಿತು, ಡೊಳ್ಳು ಮಾತ್ರ ಹಾಗೇ. ತೀರಾ ಕೆಳಗಿನ 30, 40 ಹರ್ಟ್ಸ್ ಪೂರ್ತಿ ಸಬ್ಬಿನದೇ ಕೆಲಸ, ಅಲ್ಲಿ ಅಡ್ಡ ಬರುವವರು ಯಾರೂ ಇಲ್ಲ, ಅದು ಏರುತ್ತದೆ. 80ರ ಹತ್ತಿರದ ಹಳ್ಳ ಎಷ್ಟು ಏರಿಸಿದರೂ ಸರಿಯಾಗಿ ತುಂಬುವುದಿಲ್ಲ. ನಿಮ್ಮ ಮನೆಯಲ್ಲೂ ಗಾಜು ಅದುರಿ ಡೊಳ್ಳು ಸೊರಗಿದ್ದರೆ ಕಾಯಿಲೆ ಇದೇ ಇರಬಹುದು.

ನಾನು ಸಬ್ಬೇ ಕೆಟ್ಟದ್ದು ಅಂತ ತೀರ್ಮಾನಿಸಿದೆ. ಕೊಂಡ ಬೆಲೆಯ ಅರ್ಧವೂ ಬರಲಿಲ್ಲ, ಆದರೂ ಮಾರಿ 12 ಇಂಚಿನದು ತಂದೆ. ಅಂಗಡಿಯಿಂದ ಬಂದ ಹುಡುಗ ಸೆಟಪ್ ಓಡಿಸಿ ಕೇಳಿಸಿದಾಗ ಬೇಸ್ ಅಮೋಘವಾಗಿತ್ತು. ಅವನು ಹೋದ ಮೇಲೆ ಪಟ್ಟಿ ತೆಗೆದೆ. ಈ ಸಬ್‌ಗೂ ದೂರ ಜಾಸ್ತಿ ತೋರಿಸುತ್ತಿತ್ತು. ಮತ್ತೆ ತಿದ್ದಿದೆ. ಮತ್ತೆ ಧಂ ಮಾಯ. ಫೋನ್ ಮಾಡಿದಾಗ ಅವನು ಕೇಳಿದ್ದು ಒಂದೇ ಮಾತು: "ಸಾರ್, ನಾನು ಹೋದ್ಮೇಲೆ ಡಿಸ್ಟೆನ್ಸ್ ಏನಾದ್ರೂ ಮುಟ್ಟಿದ್ರಾ?" ಹಳೇ ಸಬ್‌ನಲ್ಲಿ ಏನೂ ಕೊರತೆ ಇರಲಿಲ್ಲ ಅಂತ ಆಗ ಗೊತ್ತಾಯಿತು.

ಈಗ ನಿಮ್ಮ ವಿಷಯಕ್ಕೆ. ಅಡ್ವಾನ್ಸ್ಡ್ ಮೆನುವನ್ನು ಕೈಯಾರೆ ತಿದ್ದಿದಷ್ಟೂ ಒಳ್ಳೇದು ಅನ್ನುವ ಲೆಕ್ಕದಲ್ಲಿ ನೀವು ಹೊರಟಿದ್ದೀರಿ. ನಾನು ಒಪ್ಪುವುದಿಲ್ಲ. ಮೈಕ್ ಅಳೆದ ಸಮಯದ ಮೇಲೆ ಟೇಪ್ ಹಿಡಿದು ಜಗಳ ಆಡಬಾರದು. ನಿಮ್ಮ ರಿಸೀವರ್‌ನ ಆಟೋ ಸೆಟಪ್ಪಿನ ಹೆಸರು ಆಡಿಸ್ಸಿ, ವೈಪಾವೊ, ಎಂಸಿಎಸಿಸಿ ಯಾವುದೇ ಇರಲಿ, ಸೆಟಪ್ ಮತ್ತೆ ಓಡಿಸಿ, ಬಂದ ದೂರ ಹಾಗೇ ಬಿಡಿ. ಓಡಿಸುವ ಮುಂಚೆ ಸಬ್ ಹಿಂದೆ ಇರುವ ಕ್ರಾಸ್‌ಓವರ್ ತಿರುಗಣೆಯನ್ನು ಅತಿ ಹೆಚ್ಚಿನ ಅಂಕಿಯವರೆಗೆ ತಿರುಗಿಸಿ, ಎಲ್‌ಎಫ್‌ಇ (ಸಬ್ ತಾನೇ ಕತ್ತರಿಸದೆ ಬಿಡುವ ಸ್ಥಾನ) ಅಂತ ಇದ್ದರೆ ಅಲ್ಲಿಗೆ ಹಾಕಿ. ಇಲ್ಲದಿದ್ದರೆ ರಿಸೀವರ್ ಒಮ್ಮೆ, ಸಬ್ ಒಮ್ಮೆ, ಎರಡೆರಡು ಸಲ ಶಬ್ದ ಕತ್ತರಿಸುತ್ತವೆ. ಮೊದಲ ಅಳತೆಗೆ ಮೈಕ್ ನೀವು ದಿನಾ ಕೂರುವ ಜಾಗದಲ್ಲೇ ಇರಲಿ. ಕುಕ್ಕರ್ ಇಳಿಸಿದ ಮೇಲೆ ಶುರು ಮಾಡಿ.

ಸೆಟಪ್ ಮುಗಿದ ಮೇಲೆ ಬದಲಿಸಲೇಬೇಕಾದದ್ದು ಒಂದಿದೆ. ನಿಮ್ಮ ಎತ್ತರದ ಸ್ಪೀಕರ್‌ಗಳನ್ನು ರಿಸೀವರ್ ಲಾರ್ಜ್ ಅಂತ ಗುರುತಿಸಿದೆ ಅಂದಿರಿ. ಸ್ಮಾಲ್ ಮಾಡಿ, ಕ್ರಾಸ್‌ಓವರ್ 80 ಇಡಿ. ಲಾರ್ಜ್ ಅಂದರೆ ಪೂರ್ತಿ ಬೇಸ್ ಆ ಸ್ಪೀಕರ್‌ಗೇ ಹೋಗುತ್ತದೆ, ಸ್ಮಾಲ್ ಅಂದರೆ ಕೆಳಗಿನದು ಸಬ್‌ಗೆ ಹೋಗುತ್ತದೆ, ಅಷ್ಟೇ. ಸ್ಪೀಕರ್ ಎಷ್ಟು ಎತ್ತರ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸೆಂಟರ್‌ಗೆ ಕ್ರಾಸ್‌ಓವರ್ 100 ಅಥವಾ 120 ತೋರಿಸಿದ್ದರೆ ಅದನ್ನು ಇಳಿಸಬೇಡಿ. ಏರಿಸಬಹುದು, ಇಳಿಸಬಾರದು. ಆ ಚಿಕ್ಕ ಸ್ಪೀಕರ್‌ಗೆ ಅದರ ಕೆಳಗೆ ಶಕ್ತಿ ಇಲ್ಲ ಅಂತ ಮೈಕ್ ಆಗಲೇ ಹೇಳಿದೆ.

ರಿಸೀವರ್‌ನ ಇಂಪಿಡೆನ್ಸ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಸೆಟಿಂಗ್ 4 ಓಮ್‌ಗೆ ಇಟ್ಟರೆ ಪವರ್ ಜಾಸ್ತಿ ಬರುತ್ತಾ ಅಂತಲೂ ಕೇಳಿದ್ದೀರಿ. ಸಾಮಾನ್ಯವಾಗಿ ಉಲ್ಟಾ ಆಗುತ್ತದೆ. ಬಿಸಿ ಏರದಿರಲಿ ಅಂತ ರಿಸೀವರ್ ತನ್ನ ಪವರ್ ಕಡಿಮೆ ಮಾಡಿಕೊಳ್ಳುತ್ತದೆ. ನಿಮ್ಮ ಸ್ಪೀಕರ್ 8 ಓಮ್‌ನವು, ಅಲ್ಲಿ ಕೈ ಹಾಕಬೇಡಿ. ಡೈಲಾಗ್ ಕೇಳದಿದ್ದರೆ ಸೆಂಟರ್ ಲೆವೆಲ್ 2 ಡೆಸಿಬೆಲ್ ಏರಿಸಿ. ರಾತ್ರಿ ಮಕ್ಕಳು ಮಲಗಿದ ಮೇಲೆ ಜೋರು, ಮೆಲ್ಲ ಶಬ್ದಗಳ ಅಂತರ ತಗ್ಗಿಸುವ ಡೈನಾಮಿಕ್ ವಾಲ್ಯೂಮ್ ಹಾಕಿಕೊಳ್ಳಿ. ಇವೆಲ್ಲ ನಿಮ್ಮ ಇಷ್ಟ.

ನನ್ನ ಮಾತು ಸುಮ್ನೆ ನಂಬಬೇಡಿ. ಯೂಟ್ಯೂಬ್‌ನಲ್ಲಿ 80 ಹರ್ಟ್ಸ್ ಟೋನ್ ಸಿಗುತ್ತದೆ, ಸಣ್ಣ ವಾಲ್ಯೂಮ್‌ನಲ್ಲಿ ಹಾಕಿ. ಫೋನ್‌ನಲ್ಲಿ ಶಬ್ದ ಅಳೆಯುವ ಆ್ಯಪ್ ತೆರೆದು ಸೋಫಾದ ಮೇಲೆ, ತಲೆ ಬರುವ ಜಾಗದಲ್ಲಿ ಇಡಿ. ಫೋನ್ ಹೇಳುವ ಡೆಸಿಬೆಲ್ ನಿಖರವಾಗಿರಬೇಕಿಲ್ಲ, ಏರಿತೋ ಇಳಿಯಿತೋ ಅಷ್ಟು ಗೊತ್ತಾದರೆ ಸಾಕು. ಈಗ ಸಬ್ ದೂರವನ್ನು 3.2ರಿಂದ ಸ್ವಲ್ಪ ಸ್ವಲ್ಪವೇ 5.3ರ ಕಡೆ ಏರಿಸುತ್ತಾ ಹೋಗಿ. ಒಂದೊಂದು ಹೆಜ್ಜೆಗೂ ಮುಳ್ಳು ಎಲ್ಲಿದೆ ನೋಡಿ ಬರೆದುಕೊಳ್ಳಿ. ಕೆಲವು ರಿಸೀವರ್‌ಗಳಲ್ಲಿ ಮೆನು ತೆರೆದಾಗ ಶಬ್ದ ನಿಲ್ಲುತ್ತದೆ, ಹಾಗಾದರೆ ಪ್ರತಿ ಸಲ ಹೊರಗೆ ಬಂದು ಅಳೆಯಬೇಕು, ಬೇಸರ ಮಾಡಿಕೊಳ್ಳಬೇಡಿ. ಶುರು ಮಾಡುವ ಮುಂಚೆ ಮೆನುವಿನ ಪ್ರತಿ ಪುಟದ ಫೋಟೊ ತೆಗೆದಿಡಿ. ಯುಎಸ್‌ಬಿಗೆ ಸೇವ್ ಮಾಡುವ ಸೌಕರ್ಯ ಇದ್ದರೆ ಇನ್ನೂ ಒಳ್ಳೇದು.

ದೊಡ್ಡ ಸಬ್‌ಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಈ ಅಳತೆ ಆಗುವವರೆಗೂ ಕೊಡಬೇಡಿ. 3.2ರಲ್ಲಿ ಎಷ್ಟಿತ್ತು, 5.3ರಲ್ಲಿ ಎಷ್ಟು ಬಂತು ಅಂತ ಕಾಮೆಂಟ್‌ನಲ್ಲಿ ಹಾಕಿ, ಆಮೇಲೂ ಬೇಸ್ ಸಾಲದಿದ್ದರೆ ಸಬ್ ಯಾವ ಮೂಲೆಗೆ ಸರಿಸಬೇಕು ಅಂತ ನೋಡೋಣ.