ಪ್ರತಿಕ್ರಿಯೆ: ತಪ್ಪೊಪ್ಪಿಕೊಂಡ ಪಾಸ್ಟರ್ ಮತ್ತೆ ಬೋಧಿಸುವ ಬಗ್ಗೆ

ಮಾನ್ಯರೇ, ಸೋಮವಾರಪೇಟೆಯ ನಿಮ್ಮ ಸ್ವತಂತ್ರ ಸಭೆಯಲ್ಲಿ (ಯಾವ ಮೇಲಿನ ಸಂಸ್ಥೆಗೂ ಸೇರದ ಚರ್ಚಿನಲ್ಲಿ) ಅನೈತಿಕ ಸಂಬಂಧವನ್ನು ಕಣ್ಣೀರಿಟ್ಟು ಒಪ್ಪಿಕೊಂಡ ಪಾಸ್ಟರರು ಕೂಡಲೇ ಬೋಧನೆಗೆ ಮರಳಬಹುದೇ ಎಂದು ಕೇಳಿದ್ದೀರಿ. ಕೂಡದೆಂಬುದು ನನ್ನ ಅಭಿಪ್ರಾಯ. 1988ರಲ್ಲಿ ಅಮೆರಿಕದ ಟಿ.ವಿ. ಬೋಧಕ ಜಿಮ್ಮಿ ಸ್ವಾಗರ್ಟ್ ಟಿ.ವಿ. ಕ್ಯಾಮೆರಾದೆದುರು ಅತ್ತು ತಪ್ಪೊಪ್ಪಿಕೊಂಡರೂ, ಅವರು ಸೇರಿದ್ದ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಚರ್ಚುಗಳ ಒಕ್ಕೂಟ ವಿಧಿಸಿದ ಒಂದು ವರ್ಷದ ಬೋಧನಾ ನಿಷೇಧಕ್ಕೆ ಮಣಿಯದೆ ಪಾದ್ರಿ ಪದವಿಯನ್ನೇ ಕಳೆದುಕೊಂಡು, ಕೆಲವೇ ತಿಂಗಳಲ್ಲಿ ತಮ್ಮದೇ ವೇದಿಕೆಗೆ ಮರಳಿದರು. 1991ರಲ್ಲಿ ಮತ್ತೆ ಅಂಥದೇ ಪ್ರಕರಣದಲ್ಲಿ ಸಿಕ್ಕಿಬಿದ್ದರು. ಅಲ್ಲಿ ತಡೆಯಲೊಂದು ಮೇಲಿನ ಸಂಸ್ಥೆಯಾದರೂ ಇತ್ತು, ನಿಮ್ಮಲ್ಲಿ ಅದೂ ಇಲ್ಲ. ಆದ್ದರಿಂದ ಪಾಸ್ಟರರ ಬಂಧುಗಳಲ್ಲದ ಹಿರಿಯರು, ಮಡಿಕೇರಿಯ ಬೇರೆ ಸಭೆಯವರನ್ನೂ ಸೇರಿಸಿಕೊಂಡು, ಮೊದಲು ಆ ಮಹಿಳೆಯ ಮಾತು ಕೇಳಲಿ. ಕಾಣಿಕೆಯ ಲೆಕ್ಕವನ್ನೂ ನೋಡಲಿ. ‘ಅಭಿಷಿಕ್ತರನ್ನು (ದೇವರು ಆರಿಸಿಕೊಂಡ ಸೇವಕರನ್ನು) ಮುಟ್ಟಬೇಡಿ’ ಎಂದು ಬೆದರಿಸುವವರಿಗೆ (ಬೆದರಿಸಿಯೇ ಬೆದರಿಸುತ್ತಾರೆ) ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 5:20ನ್ನು ತೋರಿಸಿ: ಪಾಪದಲ್ಲಿ ನಡೆಯುವ ಹಿರಿಯರನ್ನು ಎಲ್ಲರ ಮುಂದೆಯೇ ಗದರಿಸಬೇಕೆಂದು ಅಲ್ಲಿದೆ.