ಪಕ್ಕದ ಬೀಳಿನ ಕಾಂಗ್ರೆಸ್ ಗಿಡಕ್ಕೆ ಯಾವ ಕಾನೂನು?

ನಮಸ್ಕಾರ ಸರ್. ಮುಳಬಾಗಿಲಲ್ಲಿ ನಿಮ್ಮ ಟೊಮೆಟೊ ತೋಟದ ಪಕ್ಕದ ಬೀಳು ತುಂಬಾ ಕಾಂಗ್ರೆಸ್ ಗಿಡ ಎದ್ದಿದೆ, ಹೊರದೇಶದ ಗಿಡಗಳಿಗೆ ಅಂತ 2022ರಲ್ಲಿ ಬಂದ ಕಾನೂನಿನಲ್ಲಿ ದೂರು ಕೊಡಬಹುದಾ ಅಂತ ಕೇಳಿದ್ದೀರಿ.

ಅದರಿಂದ ನಿಮ್ಮ ಕೆಲಸ ಆಗುವುದಿಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ. ಅದರ 62ಎ ಕಲಂ ಪ್ರಕಾರ, ಹೊರಗಿನಿಂದ ಬಂದು ಹಾವಳಿ ಮಾಡುವ ಜಾತಿಗಳ ಆಮದು, ವ್ಯಾಪಾರ, ಇಟ್ಟುಕೊಳ್ಳುವಿಕೆ, ಹರಡುವಿಕೆಯನ್ನು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ತಡೆಯಬಹುದು. ಅದರ ಗಮನ ಕಾಡು, ಕಾಡುಪ್ರಾಣಿಗಳ ಮೇಲೆ. ನಿಮ್ಮ ಬದುವಿನ ಮೇಲಲ್ಲ.

ನಿಮಗೆ ಬೇಕಿರುವುದು ಹಳೇದು: ನಮ್ಮ ರಾಜ್ಯದ 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆ. ಅದರ ಕೆಳಗೆ 1975ರಲ್ಲೇ ಪಾರ್ಥೇನಿಯಂ, ಅಂದರೆ ಇದೇ ಕಾಂಗ್ರೆಸ್ ಗಿಡವನ್ನು ಹಾನಿಕಾರಕ ಕಳೆ ಅಂತ ಘೋಷಿಸಿದ್ದಾರೆ. ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಕೊಡುವಾಗ ಇದನ್ನೇ ಬರೆಯಿರಿ.

ಆದರೆ ಸುಮ್ನೆ ಅರ್ಜಿ ನಂಬಿ ಕೂರಬೇಡಿ. ಅದು ಮೇಜಿಂದ ಮೇಜಿಗೆ ಹೋಗುವಷ್ಟರಲ್ಲಿ ಬಿಳಿ ಹೂ ಬಂದು, ಒಂದೊಂದು ಗಿಡ ಸಾವಿರಾರು ಬೀಜ ಉದುರಿಸಿರುತ್ತದೆ. ಪಕ್ಕದವರನ್ನು ಒಪ್ಪಿಸಿ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂವಿಗೆ ಮುಂಚೆ ಬೇರುಸಮೇತ ಕೀಳಿಸಿ. ಕೈಗವಸು ಮರೆಯಬೇಡಿ. ನಾನು ಒಮ್ಮೆ ಬರಿಗೈಲಿ ಕಿತ್ತು, ಮೊಣಕೈವರೆಗೂ ಗಂಧೆ ಎದ್ದು ವಾರವೆಲ್ಲ ಕೆರೆದುಕೊಂಡಿದ್ದೆ.

ಎಲೆ ಮೇಲೆ ಕಂದು ಗೆರೆಯ ಪುಟ್ಟ ದುಂಬಿ ಕಂಡರೆ ಔಷಧಿ ಹೊಡೆಯಬೇಡಿ. ಈ ಗಿಡ ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದು ಅದನ್ನು. ಅದೂ ಹೊರಗಿನದೇ, ಅಲ್ವಾ!